ಕೈ ಒಪ್ಪಿಸದೆ ಹೋದ ಮಾವುತ

"ಅಜ್ಜಾರೇ, ವೈರಾಗ್ಯ ಬಂದವನು ಒಂದು ತಿಂಗಳು ಮೊದಲೇ ಹೇಳಿ ಬರಬೇಕೇನು?"

ಅಂದು ಬೆಳಿಗ್ಗೆ ತಾನೇ ಮಠಕ್ಕೆ ಬಂದಿದ್ದ ಯಮನೂರಪ್ಪ ಹೀಗೆ ಕೇಳಿದ. ಹೆಗಲ ಮೇಲಿನ ಚೀಲವನ್ನು ಅವನು ಇನ್ನೂ ಕೆಳಗಿಟ್ಟಿರಲಿಲ್ಲ. ಗುರುಗಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತದೆ, "ಯಾರು ಹಾಗಂದರು?" ಎಂದರು.

"ನಮ್ಮ ಅಕ್ಕಿ ಮಿಲ್ಲಿನ ಮಾಲೀಕ. ಹನ್ನೊಂದು ವರ್ಷ ಅವನ ಬಾಯ್ಲರ್‌ಗೆ ಉರಿ ಹಾಕಿದ್ದೇನೆ. ನಿನ್ನೆ ಸಂಜೆ ಎಲ್ಲರೆದುರು ನನ್ನ ಬುತ್ತಿ ಬಿಚ್ಚಿಸಿದ. ಅಕ್ಕಿ ಕದ್ದಿದ್ದೇನಾ ಅಂತ ನೋಡಿದ. ಎರಡು ರೊಟ್ಟಿ, ಪುಂಡಿಪಲ್ಯ ಬಿಟ್ಟರೆ ಏನು ಸಿಗಬೇಕು ಅವನಿಗೆ? ಬಾಯ್ಲರ್ ಮನೆಯ ಕೀಲಿಕೈ ಅವನ ಕಾಲ ಹತ್ತಿರ ಒಗೆದೆ. ಅದಕ್ಕೆ ಅವನು, ಬಿಡುವುದಾದರೆ ತಿಂಗಳು ಮೊದಲು ನೋಟಿಸ್ ಕೊಡಬೇಕು, ಹಾಗಂತ ರುಜು ಹಾಕಿದ್ದೀಯ ಅಂದ. ಬುತ್ತಿ ಬಿಚ್ಚಿಸುವಾಗ ಅವನು ನನಗೆ ನೋಟಿಸ್ ಕೊಟ್ಟಿದ್ದನೇನು?"

"ಇಲ್ಲ," ಎಂದರು ಗುರುಗಳು. "ನೀನಿಲ್ಲದೆ ಬಾಯ್ಲರ್ ಹೇಗೆ ನಡೆದೀತು?"

ಯಮನೂರಪ್ಪನ ಮುಖ ಅರಳಿತು. "ಒದ್ದಾಡಲಿ ಬಿಡಿ! ಅದರ ಸೇಫ್ಟಿ ವಾಲ್ವ್ ಅಂಟಿಕೊಳ್ಳುತ್ತದೆ. ಹಬೆ ಏರಿದಾಗ ತಾನಾಗಿ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ಒಂದು ಏಟು ಹಾಕಬೇಕು. ಎಲ್ಲಿ ಹಾಕಬೇಕು, ಯಾವಾಗ ಹಾಕಬೇಕು ಅನ್ನುವುದು ನನಗೊಬ್ಬನಿಗೇ ಗೊತ್ತು. ರಿಪೇರಿ ಮಾಡಿಸು ಅಂತ ಮೂರು ವರ್ಷ ಬಡಕೊಂಡೆ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಮಿಲ್ಲಿಗೆ ರಜೆ. ನಾಳೆ ಬೆಳಿಗ್ಗೆ ಉರಿ ಹಾಕಿದಾಗ ಗೊತ್ತಾಗಲಿ, ಯಮನೂರಪ್ಪ ಅಂದರೆ ಯಾರು ಅಂತ."

"ನಿನ್ನನ್ನು ಯಾರೂ ತಡೆಯಲಿಲ್ಲವೆ?"

"ಬೂದಿ ಎಳೆಯುವ ಹುಲಿಗೆಪ್ಪ ಗೇಟಿನ ತನಕ ಹಿಂದೆ ಬಂದ. 'ಯಣ್ಣಾ, ನಾಲ್ಕು ದಿನ ನಿಂತು ನನಗಾದರೂ ತೋರಿಸಿ ಹೋಗೋ' ಅಂದ. ನಾನು ತಿರುಗಿ ನೋಡಲಿಲ್ಲ. ವೈರಾಗ್ಯ ಬಂದವನು ತಿರುಗಿ ನೋಡಬಾರದಲ್ಲ."

ಗುರುಗಳು ಮೊರವನ್ನು ಕೆಳಗಿಟ್ಟರು.

"ಬಂದದ್ದು ವೈರಾಗ್ಯವೋ ಸಿಟ್ಟೋ, ಆಮೇಲೆ ನೋಡೋಣ. ಕೂತುಕೋ. ಚೀಲ ಮಾತ್ರ ಹೆಗಲಲ್ಲೇ ಇರಲಿ," ಎಂದು ಈ ಕತೆ ಹೇಳಿದರು.

ಒಬ್ಬ ಮರದ ವ್ಯಾಪಾರಿ ಇದ್ದ. ಅವನ ಅಡ್ಡೆಯಲ್ಲಿ ದಿಮ್ಮಿ ಎಳೆಯಲು ಒಂದು ಹೆಣ್ಣಾನೆ ಇತ್ತು. ಆನೆಗೆ ಒಬ್ಬ ಮಾವುತನಿದ್ದ. ಹದಿನೇಳು ವರ್ಷ ಅವನು ಅದಕ್ಕೆ ಬೆಳಿಗ್ಗೆ ನೀರು ತೋರಿಸಿದ, ಸಂಜೆ ಕುಸುರೆ ಕೊಟ್ಟ. ಕುಸುರೆ ಎಂದರೆ ಭತ್ತ, ಬೆಲ್ಲವನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಆನೆಯ ತುತ್ತು.

ಮಾವುತರಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬ ಮಾವುತ ಆನೆಯನ್ನು ಬಿಟ್ಟು ಹೋಗುವುದಾದರೆ ಮುಂದಿನವನಿಗೆ ಕೈ ಒಪ್ಪಿಸಿ ಹೋಗಬೇಕು. ಅದಕ್ಕೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು. ಮೊದಲ ಹತ್ತು ದಿನ ಹಳಬ ಕುಸುರೆ ಕೊಡುತ್ತಾನೆ, ಹೊಸಬ ಪಕ್ಕದಲ್ಲಿ ನಿಲ್ಲುತ್ತಾನೆ. ನಡುವಿನ ಹತ್ತು ದಿನ ಹಳಬನ ಕೈಯ ಮೇಲೆ ಹೊಸಬನ ಕೈ. ಕೊನೆಯ ಹತ್ತು ದಿನ ಹೊಸಬನೇ ಕೊಡುತ್ತಾನೆ, ಹಳಬ ಆನೆಗೆ ಕಾಣದಂತೆ ಮರದ ಹಿಂದೆ ನಿಲ್ಲುತ್ತಾನೆ. ಆನೆ ಸೊಂಡಿಲೆತ್ತಿ ಹಳಬನನ್ನು ಹುಡುಕುವುದನ್ನು ನಿಲ್ಲಿಸಿದ ದಿನ ಅವನು ಹೊರಡಬಹುದು.

ಈ ಕಟ್ಟಳೆ ಮಾಡಿದವರು ವ್ಯಾಪಾರಿಗಳಲ್ಲ. ಇಷ್ಟು ಒಳ್ಳೆಯ ಕಟ್ಟಳೆ ಮಾಡುವ ತಾಳ್ಮೆ ಅವರಿಗೆಲ್ಲಿಂದ ಬರಬೇಕು? ಮಾವುತರೇ ಮಾಡಿಕೊಂಡದ್ದು. ಮುಂದೆ ಬರುವ ಮಾವುತ ಬದುಕಿ ಉಳಿಯಲಿ ಎಂದು ಮಾಡಿಕೊಂಡದ್ದು.

ಒಂದು ದಿನ ವ್ಯಾಪಾರಿ ಬೆಲ್ಲದ ಗಡಿಗೆಯೊಳಗೆ ಇಣುಕಿ ನೋಡಿದ. ಬೆಲ್ಲ ತಳ ಕಂಡಿತ್ತು. "ಆನೆಯ ಬಾಯಿಂದ ಕಸಿದು ತಿನ್ನುತ್ತೀಯೇನೋ ಬೆಲ್ಲಗಳ್ಳ," ಎಂದು ಹತ್ತು ಜನರ ಮುಂದೆ ಮಾವುತನ ಕೆನ್ನೆಗೆ ಹೊಡೆದ.

(ಯಮನೂರಪ್ಪ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ.)

ಮಾವುತ ಕದ್ದಿರಲಿಲ್ಲ. ಆನೆಯ ಬಲಗಣ್ಣಿಗೆ ಪೊರೆ ಬಂದು ಒಂದು ವರ್ಷವಾಗಿತ್ತು. ಕಾಣದ ಕಡೆಯಿಂದ ಏನು ಸದ್ದಾದರೂ ಅದು ಬೆದರುತ್ತಿತ್ತು. ಆಗ ಸಮಾಧಾನ ಮಾಡಲು ಮಾವುತ ಒಂದೊಂದು ಅಚ್ಚು ಬೆಲ್ಲ ಹೆಚ್ಚಿಗೆ ಕೊಡುತ್ತಿದ್ದ. ಕಣ್ಣಿನ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವ್ಯಾಪಾರಿ ಆನೆಯನ್ನು ಮಾರಿಬಿಡುತ್ತಿದ್ದ. ಬಲಗಡೆಯಿಂದ ಹೋಗುವಾಗ ದೂರದಿಂದಲೇ, "ಬಂದೆ ಕಣವ್ವಾ" ಎಂದು ಕೂಗುತ್ತ ಹೋಗುತ್ತಿದ್ದ. ಅದು ಅವನಿಗೂ ಆನೆಗೂ ಮಾತ್ರ ಗೊತ್ತಿದ್ದ ಸಂಗತಿ.

ಮರುದಿನ ಅವನು ಅಂಕುಶವನ್ನು ಗೂಟಕ್ಕೆ ತೂಗುಹಾಕಿ ಹೊರಟುಹೋದ. ಯಾರಿಗೂ ಹೇಳಲಿಲ್ಲ. ಆನೆಗೂ ಹೇಳಲಿಲ್ಲ.

ದಾರಿಯುದ್ದಕ್ಕೂ ಅವನಿಗೆ ಸಂತೋಷ. ದಿಮ್ಮಿಗಳು ಬಿದ್ದಲ್ಲೇ ಬಿದ್ದಿವೆ, ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ, ಹೆಂಡತಿಯ ಮೇಲೆ ರೇಗುತ್ತಿದ್ದಾನೆ, ಊಟ ಸೇರುತ್ತಿಲ್ಲ. ನಾಲ್ಕು ಹರದಾರಿ ಅವನು ಮನಸ್ಸಿನಲ್ಲಿ ಇದನ್ನೇ ನೋಡುತ್ತ ನಡೆದ. ಕಾಲು ನೋವೂ ಗೊತ್ತಾಗಲಿಲ್ಲ.

ವ್ಯಾಪಾರಿ ಒಂದು ದಿನ ಬೈದ. ಎರಡನೆಯ ದಿನ ಹೊಟ್ಟೆ ತುಂಬ ಉಂಡ. ಮೂರನೆಯ ದಿನ ಹೊಸ ಮಾವುತನನ್ನು ಕರೆಸಿದ.

ಹೊಸ ಮಾವುತ ಬಂದವನೇ, "ಹಳಬರೆಲ್ಲಿ ಧಣೀ? ನನಗೆ ಕೈ ಒಪ್ಪಿಸುವವರು ಯಾರು?" ಎಂದು ಕೇಳಿದ.

"ನಾನೇ ಒಪ್ಪಿಸಿದ್ದೇನೆ, ಹೋಗು. ಬೇಡವಾದರೆ ಹೇಳು, ಗೇಟಿನ ಹೊರಗೆ ಇನ್ನೂ ಮೂವರು ನಿಂತಿದ್ದಾರೆ," ಎಂದ ವ್ಯಾಪಾರಿ.

ಹೊಸ ಮಾವುತನಿಗೆ ಹೆಂಡತಿ, ಮೂರು ಮಕ್ಕಳು. ಅವನು ಒಳಗೆ ಹೋದ.

ಗುರುತಿಲ್ಲದ ಆನೆಯ ಬಳಿಗೆ ಸದ್ದು ಮಾಡದೆ ಹೋಗಬೇಕು, ಮೂರು ದಿನ ಬಾಯಿ ಬಿಡಬಾರದು. ಇದು ಮಾವುತರೆಲ್ಲ ಕಲಿಯುವ ಮೊದಲ ಪಾಠ. ಹೊಸಬ ಚೆನ್ನಾಗಿ ಕಲಿತವನು. ಕುಸುರೆ ಹಿಡಿದು ಬೆಕ್ಕಿನಂತೆ ಹೆಜ್ಜೆ ಇಟ್ಟ. ಕಲಿತ ಪಾಠದಲ್ಲಿ ಒಂದಕ್ಷರ ತಪ್ಪಲಿಲ್ಲ. ಹೋದದ್ದು ಬಲಗಡೆಯಿಂದ.

ಕುಸುರೆ ಮೈಗೆ ತಾಗಿದೊಡನೆ ಆನೆ ಬೆದರಿ ಗಿರ್ರನೆ ತಿರುಗಿತು. ಅದರ ಮೈಗೂ ದಿಮ್ಮಿಗೂ ನಡುವೆ ಅವನ ಕಾಲು ಸಿಕ್ಕಿತು.

ತೊಡೆಯ ಮೂಳೆ ಕೂಡಲಿಲ್ಲ. ಕಾಲು ಹೋಯಿತು. ವ್ಯಾಪಾರಿ ಆನೆಗೆ ಹುಚ್ಚು ಹಿಡಿದಿದೆ ಎಂದು ಸಾರಿದ. ನಾಲ್ಕು ಕಾಲಿಗೂ ಸರಪಳಿ ಹಾಕಿಸಿ ಅಡ್ಡೆಯ ಹಿಂದೆ ಕಟ್ಟಿಸಿದ. ದಿಮ್ಮಿ ಎಳೆಯಲು ಎತ್ತು ತಂದ.

ಇತ್ತ ಹಳೆಯ ಮಾವುತ ಕೆಲಸ ಕೇಳಿಕೊಂಡು ಇನ್ನೊಂದು ಅಡ್ಡೆಗೆ ಹೋದ. ಅಲ್ಲಿ ಒಬ್ಬ ಮುದಿ ಮಾವುತ ಆನೆಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ. ಎಷ್ಟು ವರ್ಷ ಕೆಲಸ ಮಾಡಿದ್ದೀ ಎಂದು ಅವನು ಕೇಳಲಿಲ್ಲ.

"ಯಾರಿಗೆ ಕೈ ಒಪ್ಪಿಸಿ ಬಂದೆ?" ಎಂದು ಕೇಳಿದ.

"ವ್ಯಾಪಾರಿ ನನ್ನ ಕೆನ್ನೆಗೆ ಹೊಡೆದ."

"ಅವನ ಕೈಗೆ ಹುಳ ಬೀಳಲಿ. ಆನೆಯೂ ಹೊಡೆಯಿತೇನು?"

"ಅಂಥವನ ಅಂಗಳದಲ್ಲಿ ಇನ್ನೂ ಒಂದು ತಿಂಗಳು ಹೇಗೆ ನಿಲ್ಲಲಿ? ನನಗೆ ಮಾನ ಇಲ್ಲವೆ?"

"ಬಿಡಬೇಡ ಅಂತ ಯಾರು ಹೇಳಿದರು? ಬಿಡಬೇಕು. ಅಂಥವನನ್ನು ಬಿಡದಿದ್ದರೆ ಅದೂ ತಪ್ಪೇ. ಆ ತಿಂಗಳು ಅವನ ಮುಖ ನೋಡಬೇಡ, ಆನೆಯ ಮುಖ ನೋಡು. ಹೊಸಬನಿಗೆ ಹೇಳುವುದನ್ನೆಲ್ಲ ಹೇಳು. ಹೇಳಿ, ಹೋಗುವಾಗ ವ್ಯಾಪಾರಿಯ ಬಾಗಿಲಿಗೆ ಉಗಿದು ಹೋಗು. ನಾನು ಬಂದು ನಿನ್ನ ಜೊತೆ ಉಗಿಯುತ್ತಿದ್ದೆ."

ಮುದುಕ ಕೈಯ ಎಣ್ಣೆ ಒರೆಸಿಕೊಂಡ.

"ಹಸಿದು ಬಂದಿದ್ದೀ. ಬಿಸಿ ಅನ್ನ ಇದೆ, ಉಂಡು ಹೋಗು. ನನ್ನ ಆನೆಯ ಹತ್ತಿರ ಮಾತ್ರ ಹೋಗಬೇಡ."

ಇನ್ನೂ ಎರಡು ಅಡ್ಡೆಗೆ ಹೋದ. ಕೈ ಒಪ್ಪಿಸದೆ ಬಂದವನು ಎಂಬ ಸುದ್ದಿ ಅವನಿಗಿಂತ ಮೊದಲು ಹೋಗಿತ್ತು. ಮಾವುತರು ಊರೂರು ತಿರುಗುವವರು, ಮುಚ್ಚಿಡುವುದು ಹೇಗೆ? ಕೊನೆಗೆ ಅವನು ಕಟ್ಟಿಗೆ ಹೊತ್ತು ಹೊಟ್ಟೆ ಹೊರೆದ. ಹದಿನೇಳು ವರ್ಷ ಆನೆ ನಡೆಸಿದವನ ತಲೆಯ ಮೇಲೆ ಹೊರೆ. ಅವನ ಸಿಟ್ಟು ಆಗಲೂ ವ್ಯಾಪಾರಿಯ ಮೇಲೆಯೇ ಇತ್ತು.

ಅರ್ಧ ವರ್ಷ ಕಳೆದ ಮೇಲೆ ಸಂತೆಯಲ್ಲಿ ಯಾರೋ ಆ ಹುಚ್ಚಾನೆಯ ಮಾತೆತ್ತಿದರು. ಅವನು ಹೊರೆ ಇಳಿಸಿ, ಬಂದ ದಾರಿಯಲ್ಲೇ ನಡೆದ. ನಾಲ್ಕು ಹರದಾರಿ ಈ ಸಲ ಬಹಳ ದೂರವಾಯಿತು.

ಅಡ್ಡೆಯ ಗೇಟಿನಲ್ಲಿ ಒಬ್ಬ ಒಂಟಿಕಾಲಿನವನು ಹಗ್ಗ ಹೊಸೆಯುತ್ತ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಬಂದವನ ನಡಿಗೆ ನೋಡಿಯೇ ಅವನಿಗೆ ಗೊತ್ತಾಯಿತು. ಆನೆಯ ಮೇಲೆ ಕೂತು ಕೂತು ಕಾಲು ಅಗಲವಾದ ನಡಿಗೆ, ಇನ್ಯಾರದಾದೀತು?

"ನೀನೇ ಏನಣ್ಣಾ ಹಳಬ?"

"ಹೌದು. ವ್ಯಾಪಾರಿ ನನಗೆ..."

"ಹೊಡೆದ. ಗೊತ್ತು. ನನಗೂ ಹೊಡೆದಿದ್ದಾನೆ, ಮೊನ್ನೆ ಮೊನ್ನೆ, ಹಗ್ಗ ಗಿಡ್ಡವಾಯಿತು ಅಂತ. ಅವನ ಏಟು ಸಂಜೆಗೆ ಇಳಿಯುತ್ತದೆ ಅಣ್ಣಾ. ನಿನ್ನ ಏಟು ಇಳಿಯಲಿಲ್ಲ ನೋಡು." ಅವನು ಇಲ್ಲದ ಕಾಲಿನ ಜಾಗವನ್ನು ಕೈಯಿಂದ ತಟ್ಟಿದ. "ಅದರ ಕಣ್ಣಿನ ಪೊರೆ ನನಗೆ ಕಾಲು ಹೋದ ಮೇಲೆ ಕಂಡಿತು. ಬಲಗಣ್ಣು ಕಾಣದು, ಕೂಗುತ್ತ ಹೋಗು. ನಾಲ್ಕು ಮಾತು. ಅಡ್ಡೆಯವರಲ್ಲಿ ಯಾರಿಗಾದರೂ ಹೇಳಿ ಹೋಗಿದ್ದರೂ ಸಾಕಿತ್ತಲ್ಲ. ನಾನು ನಿನಗೇನು ಮಾಡಿದ್ದೆ?"

ಮಾವುತ ಅಡ್ಡೆಯ ಹಿಂದಕ್ಕೆ ಹೋದ. ಆನೆಯ ಪಕ್ಕೆಲುಬು ಎಣಿಸಬಹುದಾಗಿತ್ತು. ಸರಪಳಿ ಕೊರೆದಲ್ಲಿ ಹುಣ್ಣಾಗಿತ್ತು. ಅವನು ಬಲಗಡೆ, ದೂರದಲ್ಲೇ ನಿಂತು, "ಬಂದೆ ಕಣವ್ವಾ" ಎಂದ.

ಆನೆ ಕಿವಿ ಅಗಲಿಸಿತು. ಸರಪಳಿ ಬಿಟ್ಟಷ್ಟು ದೂರ ಸೊಂಡಿಲು ಚಾಚಿ ಅವನ ಕೈಯನ್ನು ಹುಡುಕಿತು. ಒಂದು ಅಂಗೈ ಮೂಸಿತು, ಇನ್ನೊಂದು ಅಂಗೈ ಮೂಸಿತು. ಎರಡೂ ಬರಿಗೈ. ಮತ್ತೆ ಮೊದಲಿನ ಅಂಗೈಗೆ ಬಂತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮೊರವನ್ನು ಮತ್ತೆ ಕೈಗೆತ್ತಿಕೊಂಡರು.

ಯಮನೂರಪ್ಪ ತಡೆಯಲಾರದೆ ಕೇಳಿದ: "ಆ ವ್ಯಾಪಾರಿ? ಅವನಿಗೇನಾಯಿತು ಅಜ್ಜಾರೇ?"

"ಏನೂ ಆಗಲಿಲ್ಲ."

"ಏನೂ ಆಗಲಿಲ್ಲ ಅಂದರೆ? ಹೊಡೆದವನು ಅವನು! ಇಷ್ಟಕ್ಕೆಲ್ಲ ಕಾರಣ ಅವನು!"

ಗುರುಗಳ ದನಿ ಏರಿತು. "ಕಾರಣ ಅವನೇ. ನೀಚ. ಅವನಿಗೆ ಸಿಡಿಲು ಬಡಿಯಬೇಕಿತ್ತು, ಬಡಿಯಲಿಲ್ಲ. ಅವನ ಎತ್ತುಗಳು ದಿಮ್ಮಿ ಎಳೆದವು, ಅವನು ಮಗಳ ಮದುವೆ ಮಾಡಿದ, ಮೊಮ್ಮಗನನ್ನು ಆಡಿಸಿದ. ನೀನು ಇಲ್ಲಿಂದ ಕಲ್ಲು ಬೀಸಿ ಎಸೆದರೆ ಅದು ಮಾಳಿಗೆಯ ಮೇಲೆ ಕೂತವನಿಗೆ ತಾಗುತ್ತದೆಯೇನೋ? ಮಾಳಿಗೆಯ ಕೆಳಗೆ ನಿಂತವನ ತಲೆಗೆ ಬೀಳುತ್ತದೆ. ಇಡೀ ಕತೆ ಕೇಳಿ ನೀನು ಮೊದಲು ವಿಚಾರಿಸಿದ್ದು ಅವನನ್ನು. ಕಾಲು ಹೋದವನ ಹೆಂಡತಿ ಮಕ್ಕಳು ಏನಾದರು ಅಂತ ಕೇಳಲಿಲ್ಲ. ಅವನ ಹೆಸರನ್ನೂ ಕೇಳಲಿಲ್ಲ."

ಯಮನೂರಪ್ಪ ತಲೆ ತಗ್ಗಿಸಿದ. "ನೀವು ಹೇಳಲಿಲ್ಲ ಅಜ್ಜಾರೇ. ಬರೀ ಹೊಸ ಮಾವುತ ಅಂದಿರಿ. ಕತೆಯಲ್ಲಿ ಅವನಿಗೆ ಹೆಸರಿತ್ತೇ?"

"ಕತೆಯವನಿಗೆ ಹೆಸರಿಲ್ಲ ತಮ್ಮಾ, ನಾಳೆ ಬೆಳಿಗ್ಗೆ ನಿನ್ನ ಬಾಯ್ಲರ್ ಮುಂದೆ ನಿಲ್ಲುವವನ ಹೆಸರು ಹೇಳು."

ಯಮನೂರಪ್ಪನಿಗೆ ಆ ಹೆಸರು ಗೊತ್ತಿತ್ತು. "ಹುಲಿಗೆಪ್ಪ," ಎಂದು ಎದ್ದು ನಿಂತ. ಚೀಲ ಇನ್ನೂ ಹೆಗಲಲ್ಲೇ ಇತ್ತು.