ಉಪ್ಪಿನ ಕರಟ

ದೇವಸ್ಥಾನದ ಅಡುಗೆಮನೆಯಲ್ಲಿ ಉಪ್ಪು ಅಳೆಯುತ್ತಿದ್ದ ಕರಟಕ್ಕೆ ತನ್ನ ಅಳತೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಒಂದು ಕೊಳಗ ಹುಳಿಗೆ ಒಂದು ಕರಟ ಕಲ್ಲುಪ್ಪು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ರುಚಿ ಕೆಟ್ಟಿರಲಿಲ್ಲ. ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಅಡುಗೆಯ ವೆಂಕಪ್ಪಯ್ಯನವರು ಕರಟವನ್ನೇ ನಂಬಿದ್ದರು.

ಆ ದಿನ ಕಲ್ಲುಪ್ಪಿನ ಭರಣಿ ಬರಿದಾಗಿ, ಅಂಗಡಿಯಿಂದ ಪುಡಿಯುಪ್ಪು ಬಂತು. ಕರಟದೊಳಗೆ ಬೀಳುತ್ತಲೇ ಅದು ಹೇಳಿತು: “ಅಣ್ಣ, ಸ್ವಲ್ಪ ವಾಲು, ಅರ್ಧ ಕೆಳಗೆ ಚೆಲ್ಲಿಹೋಗಲಿ. ಕಲ್ಲುಪ್ಪಿನ ಹರಳುಗಳ ನಡುವೆ ಸಂದಿಯಿತ್ತು. ನನ್ನಲ್ಲಿ ಸಂದಿಯಿಲ್ಲ.”

“ಈಗ ತಾನೇ ಬಂದ ನೀನು ನನಗೆ ಅಳತೆ ಕಲಿಸುತ್ತೀಯಾ?” ಎಂದ ಕರಟ ನೆಟ್ಟಗೆ ನಿಂತು ಬಾಯಿಮಟ್ಟ ತುಂಬಿಸಿಕೊಂಡಿತು.

ಉಪ್ಪು ಹುಳಿಗೆ ಬಿದ್ದು ಕರಗಿದ ಮೇಲೆ ಕರಟಕ್ಕೆ ಕಸಿವಿಸಿ ಶುರುವಾಯಿತು. ಗೂಟದಲ್ಲಿ ನೇತಾಡುತ್ತ, ‘ಅದರ ಮಾತು ಕೇಳಬಹುದಿತ್ತೇನೋ’ ಎಂದುಕೊಂಡಿತು. ‘ಛೆ, ಅಳತೆ ಸರಿಯಾಗೇ ಇತ್ತು’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿತು. ಮತ್ತೆ ಓಲಾಡಿತು. ಅಷ್ಟರಲ್ಲಿ ಮಂಗಳಾರತಿ ಮುಗಿಯಿತು, ಎಲೆ ಹಾಕಿದರು, ಹುಳಿ ಬಡಿಸಿದರು.

ಪಂಕ್ತಿಯ ತುದಿಯಲ್ಲಿ ಒಬ್ಬರು ನೀರು ಕೇಳಿದರು. ಪಕ್ಕದವರೂ ಕೇಳಿದರು. ಆಮೇಲೆ ಸಾಲಿಗೆ ಸಾಲೇ ನೀರು, ನೀರು ಎಂದಿತು.

“ನಾನು ಹಾಕಿದ್ದು ಒಂದೇ ಕರಟ!” ಎಂದು ಕರಟ ಗೂಟದಿಂದಲೇ ಕೂಗಿತು.

ಕೊಳಗದೊಳಗಿಂದ ಉಪ್ಪು ಹೇಳಿತು: “ಸತ್ಯ ಅಣ್ಣ. ಎಲೆ ಎಲೆಗೂ ಹೋಗಿ ಅದನ್ನೇ ಹೇಳಿ ಬಾ.”