ಸೋಮಲೆಯ ನಾಯಿಮರಿ ಮತ್ತು ಮೂರು ಒಗಟು

"ಕೇಳಿರಿ, ಕಣಕೂರಿನ ಪ್ರಜೆಗಳೇ! ತೀರಿಕೊಂಡ ರಾಜಕುಮಾರಿ ಸೋಮಲೆಯ ನಾಯಿಮರಿಯ ಕೂದಲು ಗಂಟುಕಟ್ಟಿದೆ. ಅದನ್ನು ಬಾಚುವ ಬಗೆಯನ್ನು ರಾಜಕುಮಾರಿ ಮೂರು ಒಗಟುಗಳಲ್ಲಿ ಹೇಳಿದ್ದಳು. ಉತ್ತರ ಯಾರಿಗೂ ತಿಳಿಯದು. ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ಮಹಾರಾಣಿಯವರು ಕೊಡುವರು. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಉರುಳುವುದು!"

ಡಂಗುರದವನು ಊರೆಲ್ಲ ಸುತ್ತಿ ಇದನ್ನೇ ಸಾರಿದ.

ಸೋಮಲೆಗೆ ಎಂಟು ವರ್ಷವಾಗಿತ್ತು. ಉತ್ತರದ ವ್ಯಾಪಾರಿಗಳು ಅವಳಿಗೆ ಕೊಟ್ಟ ಮರಿಯ ಕೂದಲು ನೆಲ ಮುಟ್ಟುವಷ್ಟು ಉದ್ದ. ಅದಕ್ಕೆ ಮುಗಿಲ ಎಂದು ಹೆಸರಿಟ್ಟು, ದಿನವೂ ತಾನೇ ಬಾಚುತ್ತಿದ್ದಳು. ಒಂದು ದಿನವೂ ಅದು ಕುಂಯ್ ಎಂದದ್ದಿಲ್ಲ. ಒಮ್ಮೆ ಅವಳು ತಾಯಿಗೆ ಮೂರು ಒಗಟು ಒಡ್ಡಿ, ಉತ್ತರ ಹೇಳಲು ಬಾಯಿ ತೆರೆದಳು. ಮಂತ್ರಿಗಳು ಕಾಯುತ್ತಿದ್ದರು. "ನಾಳೆ ಹೇಳು ಮಗಳೇ" ಎಂದಳು ರಾಣಿ ದೇವಲದೇವಿ. ಮರುದಿನ ಮಗುವಿಗೆ ಜ್ವರ ಬಂತು. ನಾಲ್ಕನೆಯ ದಿನ ಮಗು ಇರಲಿಲ್ಲ.

ಮೂರು ತಿಂಗಳಲ್ಲಿ ಮುಗಿಲನ ಮೈ ಗಂಟುಗಳ ಗೋಣಿಯಾಯಿತು. ಮುಟ್ಟಿದರೆ ಅಳುತ್ತಿತ್ತು. ಈಗ ಎರಡು ದಿನದಿಂದ ಹಾಲೂ ಕುಡಿದಿರಲಿಲ್ಲ. ಗಂಟಿನಡಿಯ ಚರ್ಮ ಕೊಳೆಯುತ್ತಿದೆ, ಹೀಗೇ ಬಿಟ್ಟರೆ ಉಳಿಯದು ಎಂದು ವೈದ್ಯರು ಹೇಳಿದ್ದರು.

ಮೊದಲು ಬಂದವನು ದಂತದ ಬಾಚಣಿಗೆಗಳ ವ್ಯಾಪಾರಿ.

ರಾಣಿ ಕೇಳಿದಳು: "ನನ್ನ ಮಗಳ ಮೊದಲನೆಯ ಒಗಟು ಇದು. ಎಲ್ಲರಿಗೂ ತಂಪು ಕೊಡುತ್ತದೆ, ಗಂಟಿಗೆ ಮಾತ್ರ ಬಲ ಕೊಡುತ್ತದೆ. ಯಾವುದು? ಉತ್ತರವನ್ನು ಮಾಡಿ ತೋರಿಸಬೇಕು. ಮುಗಿಲ ಅತ್ತರೆ ಅದು ತಪ್ಪು."

"ಗಂಧ, ತಾಯಿ" ಎಂದು ಅವನು ಗಂಧ ಸವರಿ ಬಾಚಿದ. ಮರಿ ಚೀರಿತು.

ಎರಡನೆಯವನು ಕುದುರೆ ವೈದ್ಯ. ಗಂಧ ಅಲ್ಲವಾದರೆ ಎಣ್ಣೆಯೇ ಇರಬೇಕೆಂದು ಅವನು ಎಣ್ಣೆ ತಂದ. ಬಾಚಣಿಗೆ ಗಂಟಿನಲ್ಲೇ ಮುರಿಯಿತು. ಮರಿ ಮತ್ತೆ ಚೀರಿತು. ಇಬ್ಬರನ್ನೂ ಸೆರೆಗೆ ನೂಕಿದರು.

"ಒಂದು ಒಗಟಿಗೆ ತಲೆಯೇ ತಾಯಿ?" ಎಂದು ಮಂತ್ರಿ ಮೆಲ್ಲಗೆ ಕೇಳಿದ.

"ತಪ್ಪು ಉತ್ತರ ಹೇಳುವವರು ನನ್ನ ಮಗಳು ಆಡದ ಮಾತನ್ನು ಅವಳ ಬಾಯಲ್ಲಿ ತುರುಕುತ್ತಾರೆ" ಎಂದಳು ರಾಣಿ.

ಮೂರನೆಯವನು ಮೈಲಾರಿ, ಕುರಿ ಸಾಕಿ ಕಂಬಳಿ ನೇಯುವ ಹುಡುಗ. ಬಾಗಿಲ ಕಾವಲುಗಾರ ನಕ್ಕ. "ಏನೋ ಕಂಬಳಿಯವನೇ, ಕತ್ತಿನ ಮೇಲೆ ತಲೆ ಭಾರವಾಯಿತೇ?"

"ಇಲ್ಲಣ್ಣ. ಮರಿ ಅಳುವುದು ನಮ್ಮ ಮಗ್ಗದವರೆಗೆ ಕೇಳುತ್ತದೆ. ಕೈ ಓಡುವುದಿಲ್ಲ."

ಒಳಗೆ ಹೋಗಿ ಅವನು ಮುಗಿಲನ ಮುಂದೆ ಕುಳಿತ. ಮುಟ್ಟಲಿಲ್ಲ. ಮರಿಯನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಚೆನ್ನವ್ವನನ್ನು ಕೇಳಿದ: "ಅಜ್ಜಿ, ದಿನವೂ ಮೀಯಿಸುತ್ತಿದ್ದೀರಾ?"

"ಎರಡು ಹೊತ್ತು ಮೀಯಿಸುತ್ತೇನಪ್ಪ. ಸೀಗೆಪುಡಿ ಹಾಕಿ ತಿಕ್ಕುತ್ತೇನೆ. ಕೂದಲು ಮೆತ್ತಗಾಗಲಿ ಎಂದು."

ಮೈಲಾರಿ ಚೀಲದಿಂದ ಉಣ್ಣೆ ತೆಗೆದು, ನೀರಿನಲ್ಲಿ ಅದ್ದಿ, ಅಂಗೈಯಲ್ಲಿ ಉಜ್ಜಿದ. ಅದು ಗಟ್ಟಿ ಉಂಡೆಯಾಯಿತು. "ನೇಯ್ದ ಕಂಬಳಿಯನ್ನು ನಾವು ನೀರು ಹಾಕಿ ತುಳಿಯುತ್ತೇವೆ. ಎಳೆ ಎಳೆಯನ್ನು ಕಚ್ಚಿ ಹಿಡಿಯಲಿ ಎಂದು. ಮೊದಲ ಉತ್ತರ ನೀರು, ತಾಯಿ. ಗಂಟು ಬಿಡಿಸಿದ ಮೇಲೆ ಸ್ನಾನ. ಮೊದಲೇ ಅಲ್ಲ."

ಚೆನ್ನವ್ವ ಸೆರಗು ಬಾಯಿಗೊತ್ತಿಕೊಂಡಳು. "ಅಯ್ಯೋ, ನಾನೇ ಮಾಡಿದೆನಲ್ಲ!"

"ಪ್ರೀತಿಯಿಂದ ಮಾಡಿದ್ದೀರಿ ಅಜ್ಜಿ, ಬಿಡಿ." ಅವನು ಒಣಗಿದ ಗಂಟೊಂದಕ್ಕೆ ಎಳೆ ಜಾರಲೆಂದು ಅಕ್ಕಿಹಿಟ್ಟು ಉದುರಿಸಿ, ಬೆರಳಿನಿಂದಲೇ ಎಳೆ ಬಿಡಿಸಿದ. ಮುಗಿಲ ಅಳಲಿಲ್ಲ.

ರಾಣಿ ಮುಂದಕ್ಕೆ ಬಾಗಿ ಕೇಳಿದಳು: "ಎರಡನೆಯದು. ಅಣ್ಣ ಹೋದ ದಾರಿಯಲ್ಲೇ ತಮ್ಮ ಹೋಗಬೇಕು. ತಮ್ಮ ಮುಂದೆ ಹೋದರೆ ಮನೆಯೆಲ್ಲ ಅಳು. ಅವರು ಯಾರು?"

"ಅಣ್ಣ ಅಗಲ ಹಲ್ಲಿನ ಬಾಚಣಿಗೆ, ತಮ್ಮ ಸೀರಣಿಗೆ. ಸಣ್ಣ ಹಲ್ಲಿನ ಸೀರಣಿಗೆ ಚೆಂದ ಮಾಡುತ್ತದೆ, ಆದರೆ ಗಂಟಿಗೆ ಸಿಕ್ಕಿದರೆ ಚರ್ಮವನ್ನೇ ಎಳೆಯುತ್ತದೆ."

ಅವನು ಒಂದು ಕೈಯಲ್ಲಿ ಕೂದಲ ಬುಡ ಹಿಡಿದು, ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಾಚಿದ. ಬೆಳಿಗ್ಗೆ ಕುಳಿತವನು ಸಂಜೆಯಾದರೂ ಏಳಲಿಲ್ಲ. ಮರಿ ನಡುವೆ ನಿದ್ದೆಯನ್ನೂ ಮಾಡಿತು. ಕೊನೆಗೆ ಎಡಗಿವಿಯ ಹಿಂದೆ ಒಂದೇ ಗಂಟು ಉಳಿಯಿತು. ಅದರಲ್ಲಿ ಕೆಂಪು ನೂಲು ಸೇರಿಸಿ ಹೆಣೆದ ಪುಟ್ಟ ಜಡೆಯಿತ್ತು.

"ಅದನ್ನು ಮುಟ್ಟಬೇಡ" ಎಂದಳು ರಾಣಿ. "ಜ್ವರ ಬಂದ ದಿನ ಅವಳು ಹೆಣೆದದ್ದು."

ಮೈಲಾರಿ ಕೈ ಹಿಂದೆಗೆದ. "ಅದರಡಿಯಲ್ಲೇ ಹುಣ್ಣಿದೆ ತಾಯಿ. ಮೂರನೆಯ ಒಗಟು ಹೇಳಿ."

ರಾಣಿ ಮಗಳ ರಾಗದಲ್ಲೇ ಹೇಳಿದಳು: "ಎರಡು ಕಾಲು, ಎರಡು ಕಣ್ಣು. ಅವನು ಕಚ್ಚಿದರೆ ಮುಗಿಲನ ನೋವು ಹೋಗುತ್ತದೆ. ಯಾರು ಹೇಳು ನೋಡೋಣ?"

ಮೈಲಾರಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳಿದರೆ ತಲೆ ಉಳಿಯುವುದೋ ಇಲ್ಲವೋ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಹೇಳಿದ:

"ಕತ್ತರಿ, ತಾಯಿ. ಎರಡು ಅಲಗು ಕಾಲು, ಬೆರಳು ತೂರಿಸುವ ಎರಡು ತೂತು ಕಣ್ಣು. ಚರ್ಮಕ್ಕೆ ಅಂಟಿದ ಗಂಟು ಬಾಚಿದರೆ ಬಿಡುವುದಿಲ್ಲ, ಕತ್ತರಿಸಬೇಕು. ಇದು ನನ್ನ ಮಾತಲ್ಲ. ನಿಮ್ಮ ಮಗಳದು."

ರಾಣಿ ಸಿಂಹಾಸನದಿಂದ ಇಳಿದು ನೆಲದ ಮೇಲೆ ಕುಳಿತು ಕತ್ತರಿಗಾಗಿ ಕೈ ಚಾಚಿದಳು. ಮೈಲಾರಿ ಗಂಟಿಗೂ ಚರ್ಮಕ್ಕೂ ನಡುವೆ ತನ್ನ ಬೆರಳನ್ನಿಟ್ಟು ಹಿಡಿದ. ರಾಣಿಯೇ ಕತ್ತರಿಸಿದಳು. ಜಡೆ ಅವಳ ಮಡಿಲಿಗೆ ಬಿತ್ತು. ಮುಗಿಲ ಅಳಲಿಲ್ಲ.

"ಏನು ಬೇಕು, ಕೇಳಪ್ಪ."

"ಸೆರೆಯಲ್ಲಿರುವ ಆ ಇಬ್ಬರ ತಲೆಗಳನ್ನು ಅವರಿಗೇ ಬಿಟ್ಟುಕೊಡಿ ತಾಯಿ."

ರಾಣಿ ಒಪ್ಪಿದಳು. ಕೋಟೆಯ ಹಿಂದಿನ ಹುಲ್ಲುಗಾವಲನ್ನೂ ಅವನ ಕುರಿಗಳಿಗೆಂದು ಬರೆದುಕೊಟ್ಟಳು.

ಅಷ್ಟರಲ್ಲಿ ಮುಗಿಲ ಎದ್ದು ಮೈ ಕೊಡವಿತು. ಹಗುರಾದ ಕಾಲುಗಳಲ್ಲಿ ಓಡಿ ಸೋಮಲೆಯ ಕೋಣೆಯ ಮುಂದೆ ನಿಂತು, ಮುಚ್ಚಿದ ಬಾಗಿಲನ್ನು ಕೆರೆಯುತ್ತ ಬಾಲ ಆಡಿಸಿತು. ರಾಣಿ ಹಿಂದೆಯೇ ಹೋಗಿ ಅದನ್ನು ಎತ್ತಿಕೊಂಡಳು.

"ಅವಳು ಬರುವುದಿಲ್ಲ ಕಂದ" ಎಂದಳು. "ಉತ್ತರ ಕಳಿಸಿದ್ದಾಳೆ."