ಮೊಮ್ಮಗಳಿಗೆ ನೀರೆರೆಯಬೇಕೆಂದ ಹೆಂಗಸು

"ಗುರುಗಳೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ತಪ್ಪೇ?" ಎಂದು ಶಿಷ್ಯ ಕೇಳಿದ. ಅವನು ಒಂದು ಸಣ್ಣ ಊರಿನಲ್ಲಿ ವೈದ್ಯನಾಗಿದ್ದ. "ನಿನ್ನೆ ಒಬ್ಬಾಕೆ ಬಂದಿದ್ದರು. ತುಂಬ ದಪ್ಪ. ತೂಕ ಇಳಿಸದಿದ್ದರೆ ಕಷ್ಟ ಎಂದೆ. ತಕ್ಷಣ ಎದ್ದು ಹೋದರು. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?"

"ಸುಳ್ಳೇನೂ ಇಲ್ಲ. ನಿಜ ಹೇಳುವುದು ನಿಮ್ಮ ವೈದ್ಯರಿಗೆಲ್ಲ ಬಲು ಸಲೀಸು," ಎಂದು ಗುರುಗಳು ನಕ್ಕರು. "ಕೂತುಕೋ, ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಮೈ ಭಾರ. ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿದ್ದ ಮಗಳು ಬಸುರಿಯಾದಾಗ ಅವಳಿಗೆ ಒಂದೇ ಆಸೆ ಹುಟ್ಟಿತು. ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂರಬೇಕು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಬಿಸಿನೀರು ಎರೆಯಬೇಕು. ಮಗಳು ಕೂಸಾಗಿದ್ದಾಗ ತನ್ನ ತಾಯಿ ಹಾಗೇ ಎರೆದಿದ್ದಳು.

ನೆಲದ ಮೇಲೆ ಕೂರಲು ಏನು ಮಾಡಬೇಕೆಂದು ವೈದ್ಯನನ್ನು ಕೇಳೋಣವೆಂದುಕೊಂಡಳು. ಅದೊಂದನ್ನೇ ಕೇಳಲು ಹೋಗುವುದಕ್ಕೆ ನಾಚಿಕೆ. ಕಿವಿನೋವು ಬಂದಾಗ ಸರಿ, ಕೇಳಿಯೇ ಬಿಡೋಣವೆಂದು ಹೋದಳು. ವೈದ್ಯ ಕೆಟ್ಟವನಲ್ಲ, ಅವಸರದವನು. ಅವಳು ಬಾಗಿಲು ದಾಟುವುದರೊಳಗೆ, "ಮೊದಲು ಮೈ ಇಳಿಸಮ್ಮ, ಬಾಯಿ ಕಟ್ಟು," ಎಂದ. ಹೊರಗೆ ಕೂತವರು ಮುಖ ಮುಖ ನೋಡಿಕೊಂಡರು. ಜ್ವರಕ್ಕೆ ಹೋದಾಗಲೂ ಅದೇ ಮಾತು. ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೆಣ್ಣುಮಗು ಹುಟ್ಟಿತು. ಎರೆಯಲು ಬೇರೆ ಹೆಂಗಸು ಬಂದಳು. ಅಜ್ಜಿ ಬಟ್ಟೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೂಸಿನ ಒದ್ದೆ ಮೈ ಕೈಗೆ ಬಂದಾಗ ಮೆಲ್ಲಗೆ ಒರೆಸಿ ಮಗಳ ಕೈಗೆ ಕೊಡುತ್ತಿದ್ದಳು.

ಮಗು ಕೂರಲು ಕಲಿಯುವ ಹೊತ್ತಿಗೆ ಊರಿಗೆ ಒಬ್ಬ ವೈದ್ಯೆ ಬಂದಳು. ಮತ್ತೆ ಕಿವಿನೋವು ಬಂದು, ತಾಳಲಾರದೆ ಹೆಂಗಸು ಹೋದಳು. ವೈದ್ಯೆ ಕಿವಿ ನೋಡಿದಳು, ಔಷಧಿ ಕೊಟ್ಟಳು, ಬೇರೇನೂ ಹೇಳಲಿಲ್ಲ. ನೋವು ಹೋದ ಮೇಲೆ ಹೆಂಗಸು ತಾನಾಗಿಯೇ ಮತ್ತೊಮ್ಮೆ ಹೋದಳು. ಆಗ ವೈದ್ಯೆ, "ಅಮ್ಮಾ, ನಿಮ್ಮ ತೂಕದ ವಿಷಯ ಮಾತಾಡಬಹುದಾ? ಬೇಡ ಅಂದ್ರೆ ಬೇಡ," ಎಂದಳು.

ಹೆಂಗಸು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ನೆಲದ ಮೇಲೆ ಕೂರೋ ಹಾಗೆ ಮಾಡಿ ಡಾಕ್ಟ್ರಮ್ಮ. ಮೊಮ್ಮಗಳಿಗೆ ಒಂದ್ಸಲ ನೀರೆರೀಬೇಕು," ಎಂದು ಅತ್ತುಬಿಟ್ಟಳು.

ಇಬ್ಬರೂ ಕೂಡಿ ಕೆಲಸ ಹಿಡಿದರು. ಊಟ ಕೊಂಚ ಬದಲಾಯಿತು. ದಿನವೂ ನಡಿಗೆ, ಮಂಚ ಹಿಡಿದು ಕೂತು ಏಳುವ ಅಭ್ಯಾಸ. ತೂಕ ಇಳಿದದ್ದು ಸ್ವಲ್ಪವೇ, ಆದರೆ ಮಂಡಿ ಮಾತು ಕೇಳತೊಡಗಿತು. ಅದಕ್ಕೆ ವರ್ಷಗಳೇ ಹಿಡಿದವು. ಕೊನೆಗೆ ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ಮಣೆ ಹಾಕಿ, ಯಾರ ಕೈಯನ್ನೂ ಹಿಡಿಯದೆ ಕೂತಳು. ಕಾಲು ಚಾಚಿ, "ಬಾರೇ ಪುಟ್ಟಿ," ಎಂದು ಕರೆದಳು.

ಪುಟ್ಟಿ ಓಡಿ ಬಂದಳು. "ನಾನೇನು ಪಾಪುನಾ? ನಾನೇ ಹುಯ್ಕೋತೀನಿ," ಎಂದು ನಿಂತುಕೊಂಡೇ ಚೊಂಬು ಕಿತ್ತುಕೊಂಡಳು. ಅವಳ ಸ್ನಾನ ಮುಗಿದು, ಹಂಡೆಯ ನೀರು ತಣ್ಣಗಾದರೂ ಅಜ್ಜಿ ಚಾಚಿದ ಕಾಲನ್ನು ಮಡಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆದರೂ ಮೊದಲನೆಯವನು ಹೇಳಿದ್ದು ತಪ್ಪಲ್ಲವಲ್ಲ, ಗುರುಗಳೇ," ಎಂದ.

"ಅದಿರಲಿ. ನಿನ್ನೆ ಎದ್ದು ಹೋದರಲ್ಲ, ಆಕೆ ಯಾತಕ್ಕೆ ಬಂದಿದ್ದರು?"

ಶಿಷ್ಯ ಅದನ್ನು ಕೇಳಿಯೇ ಇರಲಿಲ್ಲ.